ಹಣೆಬರಹವೂ ಕಡತದ ಬರಹವೂ

ನಮ್ಮ ಸೀಮೆಯ ಜನ ಎಂಥ ಕಷ್ಟಕ್ಕೂ ಒಂದು ಸಮಾಧಾನ ಹೇಳಿಕೊಳ್ಳುತ್ತಾರೆ: ಹಣೆಬರಹ. ಬರೆದವನು ಬ್ರಹ್ಮ, ತಿದ್ದುವವರಿಲ್ಲ, ಆದ್ದರಿಂದ ವಾದವೂ ಇಲ್ಲ. ಈ ಮಾತನ್ನು ನಾನು ಈಚೆಗೆ ಕೇಳಿದ್ದು ಒಂದು ಕಛೇರಿಯ ಕಿಟಕಿಯ ಮುಂದೆ. ಹನೂರಿನಾಚೆಯ ಹಳ್ಳಿಯ ಹುಡುಗಿಯೊಬ್ಬಳು, ನನ್ನ ವಿದ್ಯಾರ್ಥಿನಿ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಬಂದಿದ್ದಳು. ಅವಳಿಗಿರುವುದು ಒಂದೇ ಹೆಸರು. ಮನೆತನದ ಹೆಸರೆಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ಇಲ್ಲ. ಆದರೆ ಅರ್ಜಿಯಲ್ಲಿ ಆ ಜಾಗವನ್ನು ಖಾಲಿ ಬಿಡುವಂತಿರಲಿಲ್ಲ.

“ಕಂಪ್ಯೂಟರ್ ತಕ್ಕೊಳ್ಳಲ್ಲ ಕಣವ್ವ, ನಾನೇನ್ ಮಾಡ್ಲಿ?” ಎಂದರು ಗುಮಾಸ್ತರು. ಅವರು ಕೆಟ್ಟವರಲ್ಲ. ಹುಡುಗಿ ನನ್ನ ಕಡೆ ತಿರುಗಿ, “ನಮ್ಮ ಹಣೆಬರಾನೇ ಇಷ್ಟು ಸಾ” ಎಂದಳು.

ತೆಗೆದುಕೊಳ್ಳದೆ ಹೋದದ್ದು ಯಾರು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೆಯ ಶಿಷ್ಯನೊಬ್ಬನನ್ನು ಕೇಳಿದೆ. ಅವನು ಹೇಳಿದ್ದು ಇಷ್ಟು: ಅರ್ಜಿಯ ಒಂದೊಂದು ಮನೆಯನ್ನೂ ಯಾರೂ ಕೈಯಿಂದ ಕಟ್ಟಿರುವುದಿಲ್ಲ. ಪ್ರೋಗ್ರಾಮಿನಲ್ಲಿರುವುದು ಅಚ್ಚುಗಳು ಮಾತ್ರ. ಯಾವ ಅಚ್ಚಿನಿಂದ ಏನನ್ನು ಎರೆಯಬೇಕು, ಅದಕ್ಕೆ ಯಾವ ಹೆಸರು, ತುಂಬುವುದು ಕಡ್ಡಾಯವೋ ಅಲ್ಲವೋ ಎಂಬುದೆಲ್ಲ ಬೇರೊಂದು ಕಡತದಲ್ಲಿರುತ್ತದೆ. ಪ್ರೋಗ್ರಾಮು ಓಡತೊಡಗಿದ ಮೇಲೆ ಆ ಕಡತವನ್ನೋದಿ, ಅದು ಹೇಳಿದ ವಸ್ತುವನ್ನು ಆ ಹೊತ್ತಿನಲ್ಲೇ ಸೃಷ್ಟಿಸುತ್ತದೆ. ಜಾವಾ ಭಾಷೆಯವರು ಬಳಸುವ ‘ಸ್ಪ್ರಿಂಗ್’ ಎಂಬ ಚೌಕಟ್ಟಿನ ಮೊದಲ ಆವೃತ್ತಿ 2004ರಲ್ಲಿ ಹೊರಬಂದಾಗ, ಅದರ ವೈಶಿಷ್ಟ್ಯಗಳಲ್ಲಿ ಇದೂ ಒಂದಾಗಿತ್ತಂತೆ.

ಕೊಳ್ಳೇಗಾಲದವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಇಲ್ಲಿಯ ರೇಷ್ಮೆ ಮಗ್ಗದ ಮನೆಯನ್ನು ಹೊಕ್ಕು ತಲೆಯೆತ್ತಿ ನೋಡಿ. ಮಗ್ಗದ ಮೇಲೆ ಜಕಾರ್ಡ್. ಅದರಿಂದ ಸರಪಣಿಯಾಗಿ ಇಳಿಬಿದ್ದ ತೂತು ಹೊಡೆದ ರಟ್ಟುಗಳು. ರಟ್ಟಿನಲ್ಲಿ ತೂತಿದ್ದೆಡೆ ಸೂಜಿ ಒಳಹೋಗುತ್ತದೆ, ಅದರ ಕೊಕ್ಕೆ ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದೆಡೆ ಎಳೆ ಕೆಳಗೇ ಉಳಿಯುತ್ತದೆ. ಒಂದು ಹೊಕ್ಕಿಗೆ ಒಂದು ರಟ್ಟು. ಮಗ್ಗಕ್ಕೆ ಮಾವಿನಕಾಯಿಯೂ ಗೊತ್ತಿಲ್ಲ, ನವಿಲೂ ಗೊತ್ತಿಲ್ಲ. ರಟ್ಟು ಬದಲಾಯಿಸಿದರೆ ಅದೇ ಮಗ್ಗದಲ್ಲಿ ಬೇರೆ ಸೆರಗು ಹುಟ್ಟುತ್ತದೆ. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್ ಇದನ್ನು ರೂಪಿಸಿದ್ದು 1804ರ ಸುಮಾರಿನಲ್ಲಿ. ಬ್ಯಾಬೇಜನು ಯೋಚಿಸಿದ ಗಣಕಯಂತ್ರವನ್ನು ವಿವರಿಸುತ್ತ 1843ರಲ್ಲಿ ಏಡಾ ಲವ್‌ಲೇಸ್ ಹೋಲಿಕೆಗೆ ತಂದದ್ದೂ ಈ ಮಗ್ಗವನ್ನೇ.

ಯಂತ್ರವನ್ನೂ ಬರಹವನ್ನೂ ಹೀಗೆ ಬೇರ್ಪಡಿಸಿದ್ದು ದೊಡ್ಡ ವಿವೇಕವೇ ಸರಿ. ವಿನ್ಯಾಸ ಬದಲಾದಾಗಲೆಲ್ಲ ಮಗ್ಗ ಮುರಿಯಬೇಕಾಗಿಲ್ಲ. ಆದರೆ ಈ ಅನುಕೂಲದೊಳಗೇ ಒಂದು ನೈತಿಕ ತೊಡಕು ಅಡಗಿದೆ. ಪ್ರೋಗ್ರಾಮು ಬರೆದವನು, “ಮನೆತನದ ಹೆಸರಿನ ಸುದ್ದಿಯನ್ನೇ ನಾನು ಎತ್ತಿಲ್ಲ” ಎನ್ನುತ್ತಾನೆ. ಕಡತ ಬರೆದವನು, “ನಾನು ಬರೆದದ್ದು ಒಂದು ಪದ, ಯಾರನ್ನೂ ತಡೆದಿಲ್ಲ” ಎನ್ನುತ್ತಾನೆ. ಗುಮಾಸ್ತರು ಗುಂಡಿ ಒತ್ತಿದರು, ಅಷ್ಟೆ. ಮೂವರ ಮಾತೂ ನಿಜ. ಮೂರು ನಿಜಗಳು ಕೂಡಿ ಒಂದು ಅನ್ಯಾಯವಾಯಿತು; ಅದಕ್ಕೆ ಕರ್ತೃವೇ ಇಲ್ಲ!

ಶಿಷ್ಯನು ಇನ್ನೊಂದು ಮಾತು ಹೇಳಿದ. ಪ್ರೋಗ್ರಾಮಿನ ಎಷ್ಟೋ ತಪ್ಪುಗಳು ಅದು ಓಡುವುದಕ್ಕೆ ಮೊದಲೇ ಸಿಕ್ಕಿಬೀಳುತ್ತವೆ. ಕಡತದ ತಪ್ಪು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಓಡುವಾಗಲೇ. ಎಂದರೆ, ಕಿಟಕಿಯ ಮುಂದೆ ಹುಡುಗಿ ನಿಂತಾಗ! ಬರೆದವನ ಅಜಾಗ್ರತೆಗೆ ಪರೀಕ್ಷೆ ಕೊಡುವವಳು ಅವಳು; ನಪಾಸಾಗುವವಳೂ ಅವಳೇ.

ಮಗ್ಗದ ಮನೆಯಲ್ಲಿ ಹೀಗಾಗದು. ರಟ್ಟಿನಲ್ಲಿ ತೂತೊಂದು ತಪ್ಪಿದ್ದರೆ ಆ ದೋಷ ವಿನ್ಯಾಸ ಮರುಕಳಿಸಿದಾಗಲೆಲ್ಲ ಮರುಕಳಿಸುತ್ತದೆ, ನಿಜ. ಆದರೆ ನೇಯುವವರ ಕಣ್ಣು ಬಟ್ಟೆಯ ಮೇಲಿದೆ, ರಟ್ಟು ಕೈಗೆಟಕುವಷ್ಟು ಎತ್ತರದಲ್ಲಿದೆ. ಲಾಳಿ ನಿಲ್ಲಿಸಿ ಸರಿಪಡಿಸುತ್ತಾರೆ. ತಪ್ಪನ್ನು ಕಾಣುವ ಕಣ್ಣೂ ತಿದ್ದುವ ಕೈಯೂ ಒಂದೇ ಸೂರಿನಡಿ ಇವೆ. ಕಛೇರಿಯಲ್ಲಿ ಕಣ್ಣು ಒಂದೂರಿನಲ್ಲಿ, ಕೈ ಇನ್ನೊಂದೂರಿನಲ್ಲಿ.

ಆದ್ದರಿಂದ ನನಗೆ ತೋರುವುದಿಷ್ಟು. ಯಂತ್ರ ಓದಿ ನಡೆಸುವ ಬರಹ ಬರಿಯ ಬರಹವಲ್ಲ, ಅದೊಂದು ಕರ್ಮ. ಬರೆದವರು ದೂರದಲ್ಲಿದ್ದ ಮಾತ್ರಕ್ಕೆ ಅದರ ಫಲದಿಂದ ದೂರವಾಗುವುದಿಲ್ಲ. ತಿದ್ದಲು ಸುಲಭವಾದ್ದರಿಂದಲೇ ತಿದ್ದದಿರುವುದಕ್ಕೆ ನೆಪವೂ ಕಡಮೆ. ಅಂಥ ಕಡತ ಬರೆಯುವವರು, ಅದರಿಂದ ನೋಯುವವರ ಕೂಗು ತಮ್ಮನ್ನು ಮುಟ್ಟುವ ದಾರಿಯನ್ನೂ ಬರೆದಿಡಬೇಕು.

ಹುಡುಗಿಯ ಕೆಲಸ ಕೊನೆಗೆ ಆಯಿತು. ಯಾರೋ ಎಲ್ಲಿಯೋ ಕಡತದಲ್ಲಿ ಒಂದು ಪದ ಬದಲಾಯಿಸಿದರು. ಬದಲಾಯಿಸಲು ಒಂದು ನಿಮಿಷವೂ ಬೇಕಾಗಿರಲಾರದು. ಬದಲಾಯಿಸುವವರನ್ನು ಹುಡುಕಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಅವಳು ನಾಲ್ಕು ಸಲ ಬಸ್ಸು ಹತ್ತಿ ಇಳಿದಿದ್ದಳು. ಅರ್ಜಿ ಹೋಯಿತೆಂದು ತಿಳಿದಾಗ, “ಹಣೆಬರ ಬದಲಾಯ್ತು ಸಾ” ಎಂದು ನಕ್ಕಳು.

“ಹಣೆಬರಹವಲ್ಲವಮ್ಮ, ಯಾರೋ ಮನುಷ್ಯರು ಬರೆದದ್ದು,” ಎಂದೆ. ಅವಳ ನಗು ನಿಂತಿತು. “ಹಂಗಾರೆ ಮೊದಲೇ ಕೇಳ್ಬೋದಿತ್ತಲ್ಲ ಸಾ?” ಎಂದಳು.