ಬೀಳ್ಕೊಡುವುದೂ ಒಂದು ಹೊಣೆ

ಒಬ್ಬರನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ನಾವು ತೋರುವ ಸೌಜನ್ಯಕ್ಕೆ ಕೊರತೆಯಿಲ್ಲ. ಕುರ್ಚಿ ಕೊಡುತ್ತೇವೆ, ಚಹಾ ತರಿಸುತ್ತೇವೆ, ನಾಲ್ಕು ಜನರಿಗೆ ಪರಿಚಯಿಸುತ್ತೇವೆ. ಅದೇ ವ್ಯಕ್ತಿಯನ್ನು ಹತ್ತು ವರ್ಷಗಳ ಬಳಿಕ ಕಳುಹಿಸಿ ಕೊಡಬೇಕಾಗಿ ಬಂದಾಗ ಆ ಸೌಜನ್ಯ ಎಲ್ಲಿ ಅಡಗಿ ಹೋಗುತ್ತದೆ? ಹೇಳಲು ಇನ್ನೊಬ್ಬರನ್ನು ಕಳಿಸುತ್ತೇವೆ. ಲೆಕ್ಕ ಚುಕ್ತಾ ಮಾಡಿ ಮುಖ ತಿರುಗಿಸುತ್ತೇವೆ. ಓದುಗರೇ, ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯೇ ಅಥವಾ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದ ಪ್ರಶ್ನೆಯೇ?

ಈ ವಿಷಯವನ್ನು ಫುಟ್ಬಾಲ್ ಮೈದಾನಕ್ಕೆ ಒಯ್ದು ನೋಡೋಣ. ಬೆಂಗಳೂರಿನ ದಂಡುಪ್ರದೇಶಕ್ಕೆ ಈ ಆಟ ಹೊಸದಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, 1948ರಲ್ಲಿ ಮತ್ತೊಮ್ಮೆ ಅದನ್ನು ತಂದ ಬೆಂಗಳೂರು ಮುಸ್ಲಿಮ್ಸ್ ತಂಡ ಈ ಊರಿನದು. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ಆಡಿದ ಅಹ್ಮದ್ ಖಾನ್ ಈ ಊರಿನವರು. ಕೆ.ಆರ್. ಪುರಂ ಬಳಿಯ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯ ತಂಡ 1977ರಲ್ಲಿ ಪ್ರಪ್ರಥಮ ಫೆಡರೇಶನ್ ಕಪ್ಪನ್ನು ಗೆದ್ದಿತು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತನ್ನ ಮೊದಲ ವರ್ಷದ ಪಂದ್ಯಗಳನ್ನು ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣದಲ್ಲಿ ಆಡಿ, ಆ ವರ್ಷವೇ ಐ-ಲೀಗ್ ಗೆದ್ದಿತು. ಸ್ಪೇನಿನ ಕಾರ್ಲೆಸ್ ಕ್ವಾದ್ರಾತ್ 2016ರಲ್ಲಿ ಸಹಾಯಕ ತರಬೇತುದಾರರಾಗಿ ಈ ತಂಡಕ್ಕೆ ಬಂದರು. 2018ರಲ್ಲಿ ಮುಖ್ಯ ತರಬೇತುದಾರರಾದರು. 2019ರ ಮಾರ್ಚ್‌ನಲ್ಲಿ ತಂಡಕ್ಕೆ ಮೊದಲ ಬಾರಿಗೆ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನು ಗೆದ್ದು ಕೊಟ್ಟರು. 2020ರ ಡಿಸೆಂಬರ್ ಮತ್ತು 2021ರ ಜನವರಿಯ ನಡುವೆ ತಂಡ ಸತತ ಮೂರು ಪಂದ್ಯಗಳನ್ನು ಸೋತಿತು. ಮೂರನೆಯ ಸೋಲಿನ ಮರುದಿನವೇ, ಪರಸ್ಪರ ಒಪ್ಪಿಗೆಯ ಮೇರೆಗೆ ಅವರು ತಂಡವನ್ನು ಬಿಡುತ್ತಿದ್ದಾರೆಂದು ಪ್ರಕಟವಾಯಿತು. ಅದು ಕೊರೊನಾದ ಕಾಲ. ಪಂದ್ಯಗಳೆಲ್ಲ ಗೋವಾದಲ್ಲಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆಯುತ್ತಿದ್ದವು. ನಾಲ್ಕೂವರೆ ವರ್ಷ ತಂಡಕ್ಕಾಗಿ ದುಡಿದವರನ್ನು ಕಂಠೀರವ ಕ್ರೀಡಾಂಗಣದಲ್ಲಿ ಎದ್ದು ನಿಂತು ಕಳುಹಿಸಿ ಕೊಡುವ ಅವಕಾಶವು ಈ ಊರಿನವರಿಗೆ ಆಗ ಸಿಗಲಿಲ್ಲ.

ಇಲ್ಲಿ ಎರಡು ಪ್ರಶ್ನೆಗಳಿವೆ. ಒಬ್ಬರನ್ನು ಸ್ಥಾನದಿಂದ ಬಿಡಿಸುವುದು ಸರಿಯೇ? ಬಿಡಿಸುವುದಾದರೆ ಹೇಗೆ ಬಿಡಿಸಬೇಕು? ಇವೆರಡನ್ನೂ ಒಂದಾಗಿ ಬೆರೆಸುವುದರಿಂದಲೇ ನಾವು ದಾರಿ ತಪ್ಪುತ್ತೇವೆ. ಕೆಲವರು, ಇಷ್ಟು ವರ್ಷ ದುಡಿದವರನ್ನು ಬಿಡಿಸಲೇಬಾರದು ಎನ್ನುತ್ತಾರೆ. ಇನ್ನು ಕೆಲವರು, ಬಿಡಿಸುವುದು ಅನಿವಾರ್ಯವಾದ ಮೇಲೆ ರೀತಿನೀತಿಯ ಮಾತೇಕೆ ಎನ್ನುತ್ತಾರೆ.

ಮೊದಲಿನವರಿಗೆ ಹೇಳಬೇಕಾದುದಿಷ್ಟೆ: ಸ್ಥಾನವೆಂಬುದು ಯಾರ ಸೊತ್ತೂ ಅಲ್ಲ, ಅದು ಅಮಾನತ್ತು. ತರಬೇತುದಾರನ ಕೈಯಲ್ಲಿ ಇಪ್ಪತ್ತು-ಮೂವತ್ತು ಹುಡುಗರ ಭವಿಷ್ಯವಿದೆ. ಕೇವಲ ದಾಕ್ಷಿಣ್ಯಕ್ಕಾಗಿ ಒಬ್ಬರನ್ನು ಉಳಿಸಿಕೊಂಡರೆ ಆ ದಾಕ್ಷಿಣ್ಯದ ಬೆಲೆಯನ್ನು ತೆರುವವರು ಆ ಹುಡುಗರು. ಹಝ್ರತ್ ಉಮರ್(ರ) ಖಲೀಫರಾದಾಗ, ಖಾಲಿದ್ ಬಿನ್ ವಲೀದ್(ರ)ರಂತಹ ಅಪ್ರತಿಮ ಸೇನಾನಿಯನ್ನು ಸಿರಿಯಾದ ಮಹಾದಂಡನಾಯಕತ್ವದಿಂದ ಬಿಡಿಸಿ, ಅಬೂ ಉಬೈದಾ(ರ)ರನ್ನು ನೇಮಿಸಿದರು. ಮುಂದೆ ಅವರನ್ನು ಪೂರ್ಣವಾಗಿ ಅಧಿಕಾರದಿಂದ ಬಿಡಿಸಿದಾಗ, ಇದು ಕೋಪದಿಂದಲೂ ಅಲ್ಲ, ವಂಚನೆಯ ಆರೋಪದಿಂದಲೂ ಅಲ್ಲ, ಜನರು ವಿಜಯಕ್ಕೆ ಅಲ್ಲಾಹನನ್ನು ಬಿಟ್ಟು ಖಾಲಿದರನ್ನೇ ನೆಚ್ಚಿಕೊಳ್ಳುವರೆಂಬ ಭಯದಿಂದ ಎಂದು ಉಮರ್(ರ) ಪ್ರಾಂತಗಳಿಗೆ ತಿಳಿಸಿದರೆಂದು ಇತಿಹಾಸಕಾರರು ವರದಿ ಮಾಡಿದ್ದಾರೆ. ಅಂದರೆ ಸೋಲದವರನ್ನೂ ಬಿಡಿಸಬೇಕಾದ ಸಂದರ್ಭವಿದೆ. ಆದರೆ ಬಿಡಿಸಿದವರ ಮಾನವನ್ನು ಜನರ ಊಹಾಪೋಹಗಳಿಗೆ ಬಿಟ್ಟುಕೊಡಬಾರದು. ಇನ್ನು ಖಾಲಿದ್(ರ)? ದಂಡನಾಯಕತ್ವ ಹೋದ ಮೇಲೂ ಅವರು ಅಬೂ ಉಬೈದಾರ ಕೈಕೆಳಗೆ ಹೋರಾಡಿದರು. ಹೋಗುವವನಿಗೂ ಒಂದು ಶಿಷ್ಟಾಚಾರವಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ?

ಎರಡನೆಯವರ ವಾದ ಇನ್ನೂ ಬಲವಾಗಿದೆ. "ಸಂಬಳ ಕೊಟ್ಟಿದ್ದೇವೆ, ಕರಾರಿನಂತೆ ಬಾಕಿಯನ್ನೂ ಕೊಡುತ್ತೇವೆ. ಇನ್ನೇನು ಋಣ?" ಎಂದು ಅವರು ಕೇಳುತ್ತಾರೆ. ಸಂಬಳವು ಕೆಲಸದ ಪ್ರತಿಫಲ. ಆದರೆ ದೀರ್ಘಕಾಲ ದುಡಿದವನು ಕೆಲಸವನ್ನು ಮಾತ್ರವೇ ಕೊಟ್ಟಿರುತ್ತಾನೆಯೇ? ಸೋತ ರಾತ್ರಿ ನಿದ್ದೆಗೆಟ್ಟದ್ದು, ಹೆದರಿದ ಹುಡುಗನ ಹೆಗಲ ಮೇಲೆ ಕೈಯಿಟ್ಟದ್ದು, ಬೇರೆಡೆಯಿಂದ ಕರೆ ಬಂದರೂ ಹೋಗದೆ ಉಳಿದದ್ದು ಯಾವ ಕರಾರಿನಲ್ಲೂ ಬರೆದಿರುವುದಿಲ್ಲ. ಕರಾರಿನಲ್ಲಿ ಇಲ್ಲದುದನ್ನು ಪಡೆದವರು, ಕರಾರಿನಲ್ಲಿ ಇಲ್ಲದುದನ್ನು ಕೊಡಲೂ ಬದ್ಧರು. ಅದೇ ಕೃತಜ್ಞತೆ.

ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯವು ದಂಪತಿಗಳ ಅಗಲಿಕೆಯ ಕುರಿತು ಮಾತನಾಡುವಾಗ, ಇರಿಸಿಕೊಳ್ಳುವುದಾದರೆ ಸದ್ರೀತಿಯಿಂದ, ಬಿಡುವುದಾದರೆ ಸೌಜನ್ಯದಿಂದ ಎಂಬ ಬೋಧನೆ ನೀಡುತ್ತದೆ. ಪರಸ್ಪರ ಔದಾರ್ಯವನ್ನು ಮರೆಯಬೇಡಿರೆಂದು ಎಚ್ಚರಿಸುತ್ತದೆ. ಮನುಷ್ಯರ ನಡುವಿನ ಅತ್ಯಂತ ನೋವಿನ ಅಗಲಿಕೆಯಲ್ಲೇ ಔದಾರ್ಯವನ್ನು ಮರೆಯಬಾರದೆಂದಾದರೆ, ಸಂಬಳದ ಸಂಬಂಧವೊಂದು ಮುಗಿಯುವಾಗ ಅದನ್ನು ಮರೆಯಲು ನಮಗೆ ಯಾವ ನೆಪವಿದೆ?

ಇಂಗ್ಲೆಂಡಿನ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿರಿ. ಕ್ಲಾಡಿಯೊ ರಾನಿಯೇರಿ 2016ರಲ್ಲಿ ಲೆಸ್ಟರ್ ಸಿಟಿ ತಂಡಕ್ಕೆ ಯಾರೂ ಊಹಿಸದ ಪ್ರಶಸ್ತಿಯನ್ನು ಗೆದ್ದು ಕೊಟ್ಟರು. ಒಂಬತ್ತು ತಿಂಗಳಲ್ಲಿ, 2017ರ ಫೆಬ್ರವರಿಯಲ್ಲಿ, ಅವರನ್ನು ಕೆಲಸದಿಂದ ತೆಗೆಯಲಾಯಿತು. ಆ ಬಳಿಕ ತಂಡ ಚೇತರಿಸಿಕೊಂಡು ಕೆಳದರ್ಜೆಗೆ ಇಳಿಯುವುದರಿಂದ ಪಾರಾಯಿತು. ಹಾಗಾದರೆ ಆ ನಿರ್ಧಾರ ಸರಿಯಾಗಿತ್ತು ಎನ್ನೋಣವೇ? ಲಾಭವಾಯಿತೆಂಬುದು ಮೊದಲ ಪ್ರಶ್ನೆಗೆ ಉತ್ತರವಾದೀತು, ಎರಡನೆಯ ಪ್ರಶ್ನೆಗಲ್ಲ. ಇನ್ನೊಂದೆಡೆ, ಆರ್ಸೆನಲ್ ತಂಡವನ್ನು 1996ರಿಂದ ನಡೆಸಿದ ಆರ್ಸೆನ್ ವೆಂಗರ್ ಅವರ ನಿರ್ಗಮನವನ್ನು 2018ರ ಏಪ್ರಿಲ್‌ನಲ್ಲೇ ಸಾರಲಾಯಿತು. ಕೊನೆಯ ವರ್ಷಗಳಲ್ಲಿ ಅವರನ್ನು ವಿರೋಧಿಸಿದವರೂ ಕಡಿಮೆಯಿರಲಿಲ್ಲ. ಆದರೂ ಋತು ಮುಗಿಯುವವರೆಗೆ ಸಮಯವಿದ್ದುದರಿಂದ, ಸ್ವಂತ ಮೈದಾನದ ಕೊನೆಯ ಪಂದ್ಯದಲ್ಲಿ ಜನರು ಅವರನ್ನು ಗೌರವದಿಂದ ಕಳುಹಿಸಿ ಕೊಟ್ಟರು. ಹೋಗುವವನಿಗೆ ಕೊಡಬಹುದಾದ ದೊಡ್ಡ ಉಡುಗೊರೆ ಶಾಲು-ಹಾರವಲ್ಲ, ಸ್ವಲ್ಪ ಸಮಯ.

'ಪರಸ್ಪರ ಒಪ್ಪಿಗೆ' ಎಂಬ ಮಾತಿನ ಬಗ್ಗೆಯೂ ಯೋಚಿಸಬೇಕು. ಅದು ನಿಜವಾಗಿದ್ದರೆ ಒಳ್ಳೆಯದೇ. ಆದರೆ ಒಬ್ಬನು ತಳ್ಳಿ, ಇಬ್ಬರೂ ಒಪ್ಪಿದೆವೆಂದು ಬರೆದರೆ ಅದು ಸುಳ್ಳು. ಹಾಗೆಂದು ಹೋಗುವವನ ಲೋಪಗಳನ್ನೆಲ್ಲ ಸಾರಬೇಕೇ? ಇನ್ನೊಬ್ಬರ ಕುಂದನ್ನು ಮುಚ್ಚುವುದು ಸತ್ಯವಿಶ್ವಾಸಿಯ ಗುಣ. ಇವೆರಡರ ನಡುವಿನ ದಾರಿ ಸರಳವಿದೆ: ಗೊತ್ತಿರುವುದನ್ನೆಲ್ಲ ಹೇಳಬೇಕಾಗಿಲ್ಲ, ಆದರೆ ಹೇಳಿದ್ದು ಸತ್ಯವಾಗಿರಬೇಕು.

ಓದುಗರೇ, ನಮ್ಮಲ್ಲಿ ಹೆಚ್ಚಿನವರು ಫುಟ್ಬಾಲ್ ತಂಡದ ಒಡೆಯರಲ್ಲ. ಆದರೆ ಶಿವಾಜಿನಗರದ ಅಂಗಡಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವರೊಬ್ಬರ ಕಣ್ಣು ಮಂಜಾಗಿದೆ. ಮೊಹಲ್ಲಾದ ಮಸೀದಿಯಲ್ಲಿ ಅದಾನ್ ಕರೆಯುತ್ತಿದ್ದವರ ಧ್ವನಿ ನಡುಗುತ್ತಿದೆ. ಮದ್ರಸದ ಉಸ್ತಾದರಿಗೆ ಮಕ್ಕಳನ್ನು ಸಂಭಾಳಿಸಲು ಆಗುತ್ತಿಲ್ಲ. ಮನೆಗೆಲಸದ ಅಮ್ಮನಿಗೆ ಮಂಡಿನೋವು. ಅವರನ್ನು ಬಿಡಿಸಬೇಕಾಗಿ ಬಂದರೆ ಬಿಡಿಸಿರಿ, ಅದು ಪಾಪವಲ್ಲ. ಆದರೆ ಹೊಸಬರನ್ನು ಗುಟ್ಟಾಗಿ ಹುಡುಕಿಟ್ಟುಕೊಂಡು ಹಳಬರಿಗೆ ಕೊನೆಯಲ್ಲಿ ತಿಳಿಸಬೇಡಿರಿ. ಊರಿನವರ ಬಾಯಿಂದ ಅವರ ಕಿವಿಗೆ ಬೀಳುವ ಮೊದಲು ನೀವೇ ಹೋಗಿ, ಎದುರು ಕುಳಿತು ಹೇಳಿರಿ. ಅವರು ಕೇಳುವ ಮೊದಲೇ ಬಾಕಿಯನ್ನು ಮುಟ್ಟಿಸಿರಿ. ಅವರು ಮಾಡಿದ ಒಳಿತನ್ನು ಅವರ ಮಕ್ಕಳ ಮುಂದೆ ಹೆಸರಿಟ್ಟು ಸ್ಮರಿಸಿರಿ. ಹೋದ ಮೇಲೆಯೂ ಹಬ್ಬದ ದಿನ ಅವರ ಮನೆಯ ಬಾಗಿಲನ್ನು ತಟ್ಟಿರಿ.

ಆ ವೃದ್ಧರು ಆ ಸಂಜೆ ಮನೆಗೆ ಮರಳಿದಾಗ ಹೆಂಡತಿ-ಮಕ್ಕಳು, "ಏನಾಯಿತು?" ಎಂದು ಕೇಳುತ್ತಾರೆ. ತಲೆಯೆತ್ತಿ ಉತ್ತರಿಸಲು ಅವರಿಗೆ ಸಾಧ್ಯವಾಗುವಂತೆ ನೀವು ನಡೆದುಕೊಂಡಿದ್ದೀರಾ? ನಾವು ಕುಳಿತಿರುವ ಕುರ್ಚಿಗಳೂ ನಮ್ಮವಲ್ಲ. ಒಂದು ದಿನ ನಮ್ಮನ್ನೂ ಎಬ್ಬಿಸಲಾಗುವುದು. ಅಂದು ನಮಗೆ ಯಾವ ರೀತಿಯ ಬೀಳ್ಕೊಡುಗೆ ಬೇಕೆಂದು ಬಯಸುತ್ತೇವೋ ಅದನ್ನು ಇಂದು ಇನ್ನೊಬ್ಬರಿಗೆ ಕೊಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ.