ಚಂದ ಕಾಣದಿರುವ ಹಕ್ಕು

ಹಳೆಯ ಫೋಟೋಗಳನ್ನು ನೋಡಿ ನಗುವುದು ಪ್ರತಿಯೊಂದು ಹೊಸ ತಲೆಮಾರಿಗೂ ಇಷ್ಟವಾದ ಆಟ. ಅದರಲ್ಲೂ ಹೆಣ್ಣುಮಕ್ಕಳ ಉಡುಪಿನ ಫೋಟೋ ಆದರೆ ನಗು ಇನ್ನಷ್ಟು ಜೋರು. ನೂರು ನೂರಿಪ್ಪತ್ತು ವರ್ಷಗಳ ಹಿಂದಿನ ಚಿತ್ರಗಳನ್ನು ನೋಡಿದವರು 'ಇಂಥದ್ದನ್ನು ಹಾಕಿಕೊಂಡು ಹೇಗಪ್ಪಾ ಹೊರಗೆ ಬರುತ್ತಿದ್ದರು' ಎಂದು ಹುಬ್ಬೇರಿಸುತ್ತಾರೆ. ಆದರೆ ನಾವು ನಿಜವಾಗಿ ನಗುವುದು ಬಟ್ಟೆಗೋ, ಅದನ್ನು ಉಟ್ಟವಳಿಗೋ ಅಥವಾ ನಮ್ಮ ಕಣ್ಣಿಗಾದ ನಿರಾಸೆಗೋ? ನೋಡುವವರ ಕಣ್ಣಿಗೆ ತಾನು ಚಂದ ಕಾಣಲೇಬೇಕು ಎಂಬ ಕರಾರಿಗೆ ಹೆಣ್ಣು ಯಾವಾಗ ಸಹಿ ಹಾಕಿದಳು?

ಮೊದಲು ಯುರೋಪಿನ ಕಡೆ ನೋಡೋಣ. 1900ರ ಸುಮಾರಿಗೆ ಅಲ್ಲಿನ ಸಿರಿವಂತ ಮಹಿಳೆಯರು ತೊಡುತ್ತಿದ್ದ ಕಾರ್ಸೆಟ್ ಎಂಬ ಬಿಗಿ ಒಳ ಉಡುಪು ಎದೆಯನ್ನು ಮುಂದಕ್ಕೂ ಸೊಂಟದ ಕೆಳಭಾಗವನ್ನು ಹಿಂದಕ್ಕೂ ತಳ್ಳುತ್ತಿತ್ತು. ಪಕ್ಕದಿಂದ ನೋಡಿದರೆ ಮೈ ಇಂಗ್ಲಿಷಿನ 'ಎಸ್' ಅಕ್ಷರದಂತೆ ಬಾಗಿರುತ್ತಿತ್ತು. ತಲೆಯ ಮೇಲೆ ಹಕ್ಕಿಯ ಗರಿ ಸಿಕ್ಕಿಸಿದ ದೊಡ್ಡ ಹ್ಯಾಟು. 1910ರ ಹೊತ್ತಿಗೆ ಪ್ಯಾರಿಸ್‌ನಿಂದ ಹಾಬಲ್ ಸ್ಕರ್ಟ್ ಬಂತು. ಮೇಯಲು ಬಿಟ್ಟ ಕುದುರೆ ಓಡಿಹೋಗದಂತೆ ಕಾಲಿಗೆ ಕಟ್ಟುವ ಹಗ್ಗಕ್ಕೆ ಇಂಗ್ಲಿಷಿನಲ್ಲಿ ಹಾಬಲ್ ಎನ್ನುತ್ತಾರೆ. ಈ ಲಂಗ ಕಣಕಾಲಿನ ಬಳಿ ಎಷ್ಟು ಕಿರಿದಾಗಿತ್ತೆಂದರೆ ಉಟ್ಟವಳು ಗೇಣುದ್ದದ ಹೆಜ್ಜೆ ಇಡುತ್ತ ಸಾಗಬೇಕಿತ್ತು. ಟ್ರ್ಯಾಮ್ ಗಾಡಿಯ ಮೆಟ್ಟಿಲು ಹತ್ತಲು ಕಾಲು ಮೇಲೇಳುತ್ತಿರಲಿಲ್ಲ. 1912ರಲ್ಲಿ ನ್ಯೂಯಾರ್ಕಿನಲ್ಲಿ ಮೆಟ್ಟಿಲಿಲ್ಲದ, ನೆಲಕ್ಕೆ ತೀರ ಹತ್ತಿರವಿರುವ ಟ್ರ್ಯಾಮ್ ಗಾಡಿಗಳು ಬಂದಾಗ ಜನ ಅವಕ್ಕೆ ಈ ಲಂಗದ ಹೆಸರನ್ನೇ ಇಟ್ಟರು. ಇದಕ್ಕೆಲ್ಲ ಹೆಸರಾದ ಪ್ಯಾರಿಸ್ಸಿನ ವಸ್ತ್ರವಿನ್ಯಾಸಗಾರ ಪಾಲ್ ಪೊಯ್ರೆ ಹೆಣ್ಣಿನ ಎದೆಯನ್ನು ಕಾರ್ಸೆಟ್‌ನಿಂದ ಬಿಡಿಸಿದವನೂ ಹೌದು, ಅವಳ ಕಾಲುಗಳಿಗೆ ಬೇಡಿ ಹಾಕಿದವನೂ ಹೌದು.

ನಂತರ 1920ರ ದಶಕದಲ್ಲಿ ನಡು ಎಲ್ಲಿದೆ ಎಂದೇ ತಿಳಿಯದ, ಚೀಲದಂತೆ ನೇರ ಇಳಿಬಿದ್ದ ಗೌನುಗಳು ಬಂದವು. ಕೂದಲು ಗಿಡ್ಡವಾಯಿತು. ಹಿರಿಯರು ಮೂಗು ಮುರಿದರು, 'ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ' ಎಂದರು. ಆದರೆ ಅದೇ ಗೌನು ತೊಟ್ಟು ಹುಡುಗಿಯರು ಆಫೀಸಿಗೆ ಹೋದರು, ಸೈಕಲ್ ತುಳಿದರು, ಓಡಿ ಬಸ್ಸು ಹಿಡಿದರು. ಅವರ ತಾಯಂದಿರಿಗೆ ಸಿಕ್ಕಿರದ ಉಸಿರು ಅವರಿಗೆ ಸಿಕ್ಕಿತ್ತು.

ಇನ್ನು ನಮ್ಮ ಕಡೆಗೆ ಬರೋಣ. ಅದೇ ಕಾಲದಲ್ಲಿ ನಮ್ಮ ಗೊಳಸಂಗಿಯ ಹೆಂಗಸರು ಏನು ಉಡುತ್ತಿದ್ದರು? ಪ್ಯಾರಿಸ್ಸಿನ ಗಾಳಿ ಇಲ್ಲಿಗೆ ಬೀಸಲಿಲ್ಲ. ಕೃಷ್ಣೆಯ ಆಚೆಯ ಇಳಕಲ್ಲಿನಿಂದ ಸೀರೆ ಬರುತ್ತಿತ್ತು, ಗುಳೇದಗುಡ್ಡದಿಂದ ಖಣ ಬರುತ್ತಿತ್ತು. ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ನೇಯುವುದು ಇಳಕಲ್ಲಿನ ನೇಕಾರರ ವಿಶೇಷ ವಿದ್ಯೆ. ಖಣದಲ್ಲಿ ಹೊಲಿದ, ಮುಂದೆ ಗಂಟು ಹಾಕುವ ಕುಬಸ. ಬಸುರಿ ಹೆಣ್ಣುಮಗಳಿಗೆ ಮಾಡುವ ಶಾಸ್ತ್ರಕ್ಕೂ ನಮ್ಮ ಕಡೆ ಕುಬಸ ಎಂದೇ ಹೆಸರು. ಬಟ್ಟೆಯ ಒಂದು ತುಂಡು ಬದುಕಿನೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಇಷ್ಟು ಸಾಕು.

ಈ ಉಡುಪಿಗೆ ಜಾತಿ ಧರ್ಮಗಳ ಗೋಡೆಯೂ ಅಷ್ಟಾಗಿ ಇರಲಿಲ್ಲ. 1884ರಲ್ಲಿ ಮುಂಬೈ ಸರ್ಕಾರ ಪ್ರಕಟಿಸಿದ ಬಿಜಾಪುರ ಜಿಲ್ಲೆಯ ಗ್ಯಾಝೆಟಿಯರ್ ಇಲ್ಲಿನ ಹಲವು ಮುಸ್ಲಿಂ ಕಸುಬುದಾರ ಸಮುದಾಯಗಳ ಬಗ್ಗೆ ಹೇಳುವಾಗ ಅವರ ಹೆಂಗಸರು ಹಿಂದೂ ಹೆಂಗಸರ ಹಾಗೆಯೇ ಸೀರೆ ಕುಬಸ ಉಡುತ್ತಾರೆ ಎಂದು ದಾಖಲಿಸಿದೆ. ಅದೇ ಗ್ಯಾಝೆಟಿಯರ್ ಒಂದೊಂದು ಜಾತಿಯ ಮೈಬಣ್ಣ ಹೇಗೆ, ಉಡುಪು ಅಚ್ಚುಕಟ್ಟೋ ಅಲ್ಲವೋ, ಜನ ಶುಚಿಯೋ ಕೊಳಕೋ ಎಂದು ತೀರ್ಪನ್ನೂ ಕೊಡುತ್ತ ಹೋಗುತ್ತದೆ. ಕುರ್ಚಿಯ ಮೇಲೆ ಕುಳಿತು ನೋಡುವ ಕಣ್ಣು ಎಂಥದು ಎಂಬುದು ಅಲ್ಲಿ ತಿಳಿಯುತ್ತದೆ. ನೋಡಿಸಿಕೊಂಡವರನ್ನು 'ನಿಮಗೆ ಇದು ಹೇಗೆ ಅನುಕೂಲ' ಎಂದು ಆ ಕಣ್ಣು ಕೇಳಲಿಲ್ಲ.

ಒಮ್ಮೆ ನಮ್ಮ ಮನೆಯಲ್ಲಿ ಇಂಥದೇ ಒಂದು ಮಾತು ನಡೆಯಿತು. ಹೊಲದಿಂದ ಬಂದ ನಮ್ಮ ಮುತ್ತಜ್ಜಿಯನ್ನು ಯಾರೋ ಅಂಗಳದಲ್ಲಿ ನಿಲ್ಲಿಸಿ ತೆಗೆದ ಮಾಸಿದ ಫೋಟೋ ಅದು. ಕಚ್ಚೆ ಹಾಕಿ ಉಟ್ಟ ಸೀರೆ, ನಡುವಿನ ಸುತ್ತ ಸಿಗಿಸಿದ ಬಟ್ಟೆಯ ಗುಡ್ಡೆ, ಮೊಣಕಾಲ ಕೆಳಗೆ ಬರಿಗಾಲು. ಕಾಲೇಜಿಗೆ ಹೋಗುವ ನನ್ನ ಸೊಸೆಯಂದಿರು, ಅಂದರೆ ಅಣ್ಣನ ಮನೆಯ ಹುಡುಗಿಯರಲ್ಲ, ಅಕ್ಕನ ಹೆಣ್ಣುಮಕ್ಕಳು, 'ಎಷ್ಟ್ ದಪ್ಪ ಕಾಣಸ್ತಾಳ, ಅಸಂಯ್ಯ' ಎಂದು ನಕ್ಕರು. ಪಕ್ಕದಲ್ಲಿ ಕುಳಿತಿದ್ದ ಫೂಫಿ ಎಲೆ ಅಡಿಕೆ ಬಾಯಿಗಿಡುತ್ತ ಅಂದರು: 'ದಪ್ಪ ಅಲ್ಲ ಬೇಟಿ, ಸೀರಿ ಎಳದು ಸಿಗಿಸ್ಯಾಳ. ಆಕಿ ಹತ್ತಿ ಬಿಡಸಾಕ ಹೋಗಾಕಿ, ಫೋಟೋ ತಗಸಾಕ ಹೋಗಾಕಿ ಅಲ್ಲ.'

ಫೂಫಿಯ ಮಾತಿನಲ್ಲಿ ದೊಡ್ಡ ಸತ್ಯವಿದೆ. ಫೋಟೋದಲ್ಲಿ ಬಟ್ಟೆ ನಿಂತಿರುತ್ತದೆ, ಬದುಕಿನಲ್ಲಿ ಅದು ನಡೆಯುತ್ತದೆ. ಕಚ್ಚೆ ಸೀರೆ ಉಟ್ಟವಳು ಬದು ದಾಟಬಲ್ಲಳು, ಬಾವಿಯ ಮೆಟ್ಟಿಲು ಇಳಿಯಬಲ್ಲಳು, ಕುಕ್ಕರುಗಾಲಲ್ಲಿ ಕುಳಿತು ಜೋಳ ಕೊಯ್ಯಬಲ್ಲಳು. ಸಿಗಿಸಿದ ಸೆರಗಿನಲ್ಲಿ ಹತ್ತಿ ತುಂಬಿಕೊಳ್ಳಬಲ್ಲಳು. ಅವಳ ಹೆಜ್ಜೆಗೆಂದು ಯಾವ ಊರೂ ಗಾಡಿಯ ಮೆಟ್ಟಿಲು ತೆಗೆಯಬೇಕಾಗಿರಲಿಲ್ಲ. ನ್ಯೂಯಾರ್ಕಿನ ನಾಜೂಕು ಲಂಗದ ಒಡತಿ ಮತ್ತು ನಮ್ಮ ಎರೆಹೊಲದ ಮುತ್ತಜ್ಜಿ ಒಂದೇ ಕಾಲದವರು. ಅಂದು ಚಂದ ಎನಿಸಿಕೊಂಡವಳಿಗೆ ನಡೆಯಲು ಬರುತ್ತಿರಲಿಲ್ಲ, ನಡೆಯಬಲ್ಲವಳನ್ನು ಚಂದ ಎಂದು ಯಾರೂ ಬರೆದಿಡಲಿಲ್ಲ.

ಇಷ್ಟು ಹೇಳಿ ಹಳೆಯದೆಲ್ಲ ಹೊನ್ನು ಎಂದು ಮುಗಿಸಿಬಿಡುವುದು ಸುಲಭ. ಆದರೆ ಅದು ಅಪ್ರಾಮಾಣಿಕವಾಗುತ್ತದೆ. ಮುತ್ತಜ್ಜಿ ಆ ಸೀರೆಯನ್ನು ಆರಿಸಿಕೊಂಡವಳಲ್ಲ, ಅವಳ ಮುಂದೆ ಬೇರೆ ಬಟ್ಟೆ ಇರಲಿಲ್ಲ. ಅದಕ್ಕಿಂತ ಕಠೋರವಾದ ಉದಾಹರಣೆ ಅದೇ ಕಾಲದ ಬ್ರಾಹ್ಮಣ ಮನೆಗಳ ಬಾಲವಿಧವೆಯರದು. ತಲೆ ಬೋಳಿಸಿ, ಕುಬಸವಿಲ್ಲದೆ ಕೆಂಪು ಸೀರೆಯೊಂದನ್ನು ಸುತ್ತಿ ಅವರನ್ನು ಹಿತ್ತಿಲ ಕತ್ತಲೆಗೆ ತಳ್ಳಲಾಯಿತು. ಆ ಉಡುಪಿನ ಉದ್ದೇಶವೇ ಅವರು ಚಂದ ಕಾಣಬಾರದು ಎಂಬುದಾಗಿತ್ತು. 1976ರಲ್ಲಿ ಪ್ರಕಟವಾದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ, ಅದನ್ನು ಆಧರಿಸಿ ಪ್ರೇಮಾ ಕಾರಂತರು 1983ರಲ್ಲಿ ತೆರೆಗೆ ತಂದ ಚಿತ್ರ ಅಂಥ ಒಬ್ಬಳ ಕಥೆಯನ್ನು ಕನ್ನಡಿಗರ ಮುಂದಿಟ್ಟವು.

ಹಾಗಾದರೆ ಸಮಾಜ ಹೆಣ್ಣಿನ ಮೇಲೆ ಎರಡು ಹುಕುಂ ಹೊರಡಿಸಿದೆ ಎಂದಾಯಿತು. ಗಂಡನಿರುವವಳು ಚಂದ ಕಾಣಬೇಕು, ಇಲ್ಲದವಳು ಕಾಣಬಾರದು. ಎರಡರಲ್ಲೂ ಅವಳ ಮೈ ಇನ್ನೊಬ್ಬರ ಆಸ್ತಿ. ಬಣ್ಣದ ಸೀರೆಗೂ ಕೆಂಪು ಸೀರೆಗೂ ಅಳತೆಪಟ್ಟಿ ಹಿಡಿದ ಕೈ ಒಂದೇ.

ಕೆಲವರು ಕೇಳಬಹುದು: 'ಅವಳೇ ಆರಿಸಿಕೊಂಡರೆ ಸರಿ ತಾನೆ?' ಆ ಮಾತೂ ಪೂರ್ತಿ ಸಾಲದು. ಹಾಬಲ್ ಸ್ಕರ್ಟನ್ನು ಯಾವ ಪೊಲೀಸನೂ ಬಲವಂತವಾಗಿ ತೊಡಿಸಲಿಲ್ಲ. ಮಹಿಳೆಯರು ದುಡ್ಡು ಕೊಟ್ಟು ಕೊಂಡು ತೊಟ್ಟರು. ವಿಚಿತ್ರವೆಂದರೆ ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ಮಹಿಳೆಯರು ಮತದಾನದ ಹಕ್ಕಿಗಾಗಿ ಬೀದಿಗಿಳಿದು ಜೈಲಿಗೆ ಹೋಗುತ್ತಿದ್ದರು. ಎಲ್ಲರೂ ತೊಟ್ಟಾಗ ತಾನು ತೊಡದಿದ್ದರೆ ನಗುತ್ತಾರೆ ಎಂಬ ಭಯದಿಂದ ಮಾಡಿದ ಆಯ್ಕೆ ಎಷ್ಟರಮಟ್ಟಿಗೆ ಆಯ್ಕೆ? ಇಂದು ಮದುವೆ ಮಂಟಪದಲ್ಲಿ ಕುತ್ತಿಗೆ ಎತ್ತಲಾಗದಷ್ಟು ಭಾರದ ಶರಾರಾ, ಲೆಹೆಂಗಾ ತೊಟ್ಟು ನಾಲ್ಕು ತಾಸು ಕುಳಿತುಕೊಳ್ಳುವ ನಮ್ಮ ಮದುಮಗಳನ್ನು ಕೇಳಿ ನೋಡಿ.

ಆದರೂ ಹಾಬಲ್ ಸ್ಕರ್ಟಿಗೆ ಒಂದು ಒಳ್ಳೆಯ ಗುಣವಿತ್ತು. ಅದು ಹೋಯಿತು. 1914ರಲ್ಲಿ ಮಹಾಯುದ್ಧ ಶುರುವಾಗಿ ಹೆಂಗಸರು ಕಾರ್ಖಾನೆಗೆ, ಆಸ್ಪತ್ರೆಗೆ, ಗಾಡಿ ಓಡಿಸಲು ಹೊರಟಾಗ ಆ ಲಂಗ ಮೂಲೆಗೆ ಸೇರಿತು. ಬಿಟ್ಟವಳನ್ನು ಯಾರೂ ಕುಲದಿಂದ ಹೊರಗಿಡಲಿಲ್ಲ. ಫ್ಯಾಷನ್ನಿಗೂ ಹೇರಿದ ಕಟ್ಟಳೆಗೂ ಇರುವ ವ್ಯತ್ಯಾಸ ಇಲ್ಲಿದೆ. ಫ್ಯಾಷನ್ನು ಎಷ್ಟೇ ಕುರೂಪವಾಗಿರಲಿ, ಅದರಿಂದ ಹೊರಬರಲು ಒಂದು ಬಾಗಿಲು ಇರುತ್ತದೆ. ವಿಧವೆಯ ಕೆಂಪು ಸೀರೆಗೆ ಆ ಬಾಗಿಲು ಇರಲಿಲ್ಲ.

ಈ ಬಾಗಿಲನ್ನು ಸರ್ಕಾರಗಳೂ ಮುಚ್ಚಿವೆ. 1936ರ ಜನವರಿಯಲ್ಲಿ ಇರಾನಿನ ರೆಜಾ ಶಾ ದೇಶ ಆಧುನಿಕವಾಗಿ ಕಾಣಬೇಕೆಂದು ಮಹಿಳೆಯರ ಚಾದರನ್ನು ನಿಷೇಧಿಸಿದ. ಪೊಲೀಸರು ಬೀದಿಯಲ್ಲಿ ಚಾದರು ಕಿತ್ತೆಳೆದರು. ಅದಿಲ್ಲದೆ ಹೊರಬರಲು ಒಪ್ಪದ ಎಷ್ಟೋ ಹೆಂಗಸರು ಮನೆಯಲ್ಲೇ ಉಳಿದರು. ಅವರನ್ನು ಹೊರಗೆ ತರುವ ಹೆಸರಿನ ಕಾನೂನು ಅವರನ್ನು ಒಳಗೆ ಕೂಡಿಹಾಕಿತು. 1979ರ ಕ್ರಾಂತಿಯ ನಂತರ ಅದೇ ದೇಶದಲ್ಲಿ ತಲೆ ಮುಚ್ಚುವುದು ಕಡ್ಡಾಯವಾಯಿತು. 2022ರಲ್ಲಿ ತಲೆವಸ್ತ್ರ ಸರಿಯಾಗಿಲ್ಲವೆಂದು ಬಂಧಿತಳಾದ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿದ್ದಾಗ ಸತ್ತಳು. ಅದೇ 2022ರಲ್ಲಿ ನಮ್ಮ ಕರ್ನಾಟಕದಲ್ಲಿ ತಲೆವಸ್ತ್ರ ತೆಗೆಯದ ಹುಡುಗಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಲಾಯಿತು. ಒಬ್ಬಳಿಗೆ ತೊಡು ಎಂದರು, ಇನ್ನೊಬ್ಬಳಿಗೆ ತೆಗೆ ಎಂದರು. ನಿನಗೇನು ಬೇಕು ಎಂದು ಕೇಳಿದವರು ಕಡಿಮೆ.

ಸರ್ಕಾರದತ್ತ ಬೆರಳು ತೋರಿಸಿ ನಾವು ಪಾರಾಗುವಂತಿಲ್ಲ. ನಮ್ಮ ಮನೆಗಳೊಳಗೂ ಅಪ್ಪ, ಅಣ್ಣ, ಗಂಡ ಎಂಬ ಸಣ್ಣ ಸಣ್ಣ ಸರ್ಕಾರಗಳಿವೆ. ಮೈಸೂರು ಸಂಸ್ಥಾನದ ಇಕ್ಬಾಲುನ್ನೀಸಾ ಹುಸೇನ್ 1940ರಲ್ಲಿ ಪ್ರಬಂಧಗಳ ಪುಸ್ತಕವನ್ನೂ 1944ರಲ್ಲಿ ಕಾದಂಬರಿಯನ್ನೂ ಇಂಗ್ಲಿಷಿನಲ್ಲಿ ಪ್ರಕಟಿಸಿ ಪರದೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಬದುಕನ್ನು ಕಿರಿದು ಮಾಡುವ ರೂಢಿಯನ್ನು ಪ್ರಶ್ನಿಸಿದ್ದರು. ಎಂಬತ್ತು ವರ್ಷಗಳ ನಂತರವೂ ಆ ಪ್ರಶ್ನೆ ಹಳತಾಗಿಲ್ಲ. ಬುರ್ಖಾ ತೊಟ್ಟವಳನ್ನು ಕಂಡು ಅಯ್ಯೋ ಎನ್ನುವವರೂ, ತೊಡದವಳನ್ನು ಕಂಡು ತೋಬಾ ಎನ್ನುವವರೂ ಒಂದೇ ಜಗಲಿಯ ಮೇಲೆ ಕುಳಿತವರು. ಇಬ್ಬರಿಗೂ ಅವಳ ಬಟ್ಟೆ ಕಾಣುತ್ತದೆ, ಅವಳು ಎಲ್ಲಿಗೆ ಹೊರಟಿದ್ದಾಳೆ ಎಂಬುದು ಕಾಣುವುದಿಲ್ಲ.

ಉಡುವವರ ಹಕ್ಕಿಗೂ ಒಂದು ಮೇರೆ ಇದೆ, ಅದನ್ನು ಮರೆಯಬಾರದು. ಆಗಿನ ಹ್ಯಾಟುಗಳ ಗರಿಗಾಗಿ ಜಗತ್ತಿನಾದ್ಯಂತ ಬೆಳ್ಳಕ್ಕಿಯಂಥ ಹಕ್ಕಿಗಳ ಹತ್ಯೆಯಾಯಿತು. 1902ರಲ್ಲಿ ಬ್ರಿಟಿಷ್ ಭಾರತದಿಂದ ಗರಿಗಳ ರಫ್ತನ್ನೇ ನಿಷೇಧಿಸಬೇಕಾಯಿತು. ನಮ್ಮ ಅಲಂಕಾರದ ಬೆಲೆಯನ್ನು ಇನ್ನೊಂದು ಜೀವ ತೆರುತ್ತಿದ್ದರೆ ಅಲ್ಲಿ ತಡೆಯುವುದು ನ್ಯಾಯ. ಆದರೆ 'ಚಂದ ಕಾಣುವುದಿಲ್ಲ' ಎಂಬುದು ಯಾರಿಗೂ ಆದ ನಷ್ಟವಲ್ಲ.

ಹೆಣ್ಣುಮಕ್ಕಳಿಗೆ ಓದುವ ಹಕ್ಕು, ಆಸ್ತಿಯ ಹಕ್ಕು, ದುಡಿಯುವ ಹಕ್ಕು ಬೇಕೆಂದು ನಾವು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಅವುಗಳ ಪಕ್ಕದಲ್ಲಿ ಚಂದ ಕಾಣದಿರುವ ಹಕ್ಕನ್ನೂ ಇಡಬೇಕೆಂದು ನನಗನಿಸುತ್ತದೆ. ಸಡಿಲ ಬಟ್ಟೆ ತೊಟ್ಟು, ಕೂದಲು ಕೆದರಿಕೊಂಡು, ಯಾರ ಕಣ್ಣಿಗೂ ಲೆಕ್ಕ ಒಪ್ಪಿಸದೆ ತನ್ನ ಕೆಲಸಕ್ಕೆ ತಾನು ಹೋಗುವ ಹಕ್ಕು ಅದು. ಗಂಡಸಿಗೆ ಅದು ಹುಟ್ಟಿನಿಂದಲೇ ಇದೆ. ಹರಿದ ಬನಿಯನ್ನಿನಲ್ಲಿ ಚಹಾದಂಗಡಿಗೆ ಬಂದವನ ಫೋಟೋ ನೋಡಿ ನೂರು ವರ್ಷದ ನಂತರ ಯಾರೂ ನಗುವುದಿಲ್ಲ.

ಹಾಗಾಗಿ ಹಳೆಯ ಕಾಲದ ಒಬ್ಬ ಹೆಣ್ಣುಮಗಳ ಉಡುಪು ವಿಚಿತ್ರವಾಗಿ ಕಂಡರೆ ಎರಡು ಪ್ರಶ್ನೆ ಕೇಳಿದರೆ ಸಾಕು. ಅದನ್ನು ಉಟ್ಟು ಅವಳಿಗೆ ನಡೆಯಲು ಆಗುತ್ತಿತ್ತೇ? ಬೇಡವೆನಿಸಿದ ದಿನ ಅದನ್ನು ಬಿಡಲು ಆಗುತ್ತಿತ್ತೇ? ಎರಡಕ್ಕೂ ಹೌದೆಂಬ ಉತ್ತರ ಸಿಕ್ಕರೆ, ಅದು ಚಂದವೋ ಅಲ್ಲವೋ ಎಂಬುದು ಅವಳ ವಿಚಾರ. ಇಲ್ಲವೆಂಬ ಉತ್ತರ ಸಿಕ್ಕರೆ, ಅಲ್ಲಿ ನಗುವಂಥದ್ದೇನೂ ಇಲ್ಲ.