ಪಾದಯಾತ್ರೆಯೂ ದಿನಗಣನೆಯೂ

ಯಾವುದರ ಆಶ್ರಯದಿಂದ ಜೀವನು ಸಂಸಾರಸಮುದ್ರವನ್ನು ದಾಟುವನೋ ಅದು ತೀರ್ಥ. ಈ ಅರ್ಥದಲ್ಲಿ ರತ್ನತ್ರಯವೇ ಮುಖ್ಯ ತೀರ್ಥವು. ರತ್ನತ್ರಯಧಾರಿಗಳಾದ ಮಹಾತ್ಮರು ನಡೆದಾಡಿದ, ತಪಗೈದ, ಸಮಾಧಿ ಹೊಂದಿದ ನೆಲವು ಅವರ ಸಂಬಂಧದಿಂದ ತೀರ್ಥಕ್ಷೇತ್ರವೆನಿಸಿತು. ಆದುದರಿಂದ ಕ್ಷೇತ್ರವನ್ನು ಮುಟ್ಟುವುದು ಯಾತ್ರೆಯ ಅರ್ಧಭಾಗ ಮಾತ್ರ. ಹೇಗೆ ಮುಟ್ಟಿದೆವು ಎಂಬುದು ಉಳಿದರ್ಧ. ವಾಹನಸೌಕರ್ಯ ಹೇರಳವಾಗಿರುವ ಈ ಕಾಲದಲ್ಲಿಯೂ ಕಾಲ್ನಡಿಗೆಯಿಂದಲೇ ಶ್ರವಣಬೆಳಗೊಳದ ಬಾಹುಬಲಿಸ್ವಾಮಿಯ ದರ್ಶನ ಪಡೆಯಬೇಕೆಂಬ ಹಂಬಲ ನಮ್ಮ ಭಾಗದ ಶ್ರಾವಕ-ಶ್ರಾವಿಕೆಯರಲ್ಲಿ ಕಾಣುವುದು ಸಂತೋಷದ ಸಂಗತಿ. ಆದರೆ ಹಂಬಲಕ್ಕಿರುವಷ್ಟು ಅವಕಾಶ ಗೃಹಸ್ಥನ ದಿನಗಳಿಗಿಲ್ಲ. ದಾರಿ ದೀರ್ಘ, ಬಿಡುವು ಅಲ್ಪ. ಹೀಗಿರುವಾಗ ಯಾವುದನ್ನು ಕುಗ್ಗಿಸಬೇಕು, ಯಾವುದನ್ನು ಕುಗ್ಗಿಸಬಾರದು ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

ನವಲಗುಂದದಿಂದ ಹುಬ್ಬಳ್ಳಿ, ವರೂರು, ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ, ಚನ್ನಗಿರಿ, ಬೀರೂರು, ಕಡೂರು, ಅರಸೀಕೆರೆ, ಚನ್ನರಾಯಪಟ್ಟಣಗಳ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಸುಮಾರು 400 ಕಿಲೋಮೀಟರು. ನಮ್ಮೂರಿನ ಗೃಹಸ್ಥರೊಬ್ಬರು ಈ ದಾರಿಯನ್ನು 15 ದಿನಗಳಲ್ಲಿ ಕ್ರಮಿಸುವ ಯೋಜನೆಯನ್ನು ಬರೆದು ತಂದು, ‘ಮಾಸ್ತರ್ರ, ಲೆಕ್ಕ ಸರಿ ಐತೇನ್ ನೋಡ್ರಿ’ ಎಂದು ನನ್ನ ಮುಂದಿಟ್ಟರು. ಮಾಘಮಾಸದಲ್ಲಿ ಹೊರಡುವುದು, ಕಡಲೆ ಕೀಳುವ ಹೊತ್ತಿಗೆ ಮರಳುವುದು, ಮಗನ ರಜೆಯೂ ಅಷ್ಟೇ. ದಿನಕ್ಕೆ 27 ಕಿಲೋಮೀಟರು. ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಅವರೊಡನೆ ಹೊರಡಬೇಕೆಂದಿದ್ದ ಅವರ ತಾಯಿಯವರಿಗೆ ಎಪ್ಪತ್ತು ದಾಟಿದೆ. ಅಷ್ಟಮಿ-ಚತುರ್ದಶಿಗಳ ಉಪವಾಸವನ್ನೂ ರಾತ್ರಿಭೋಜನತ್ಯಾಗವನ್ನೂ ಯಾವಜ್ಜೀವ ಹಿಡಿದವರು. ಆ ಹಾಳೆಯಲ್ಲಿ ಅಷ್ಟಮಿಯೂ ಇರಲಿಲ್ಲ, ಚತುರ್ದಶಿಯೂ ಇರಲಿಲ್ಲ. ತಾಯಿಯವರು ಅದನ್ನು ತಿಳಿದು, ‘ನನ್ನ ಸಲುವಾಗಿ ನೀವು ತಡಾ ಮಾಡಬ್ಯಾಡ್ರಿ, ನಾ ಮನ್ಯಾಗ ಇರ್ತೇನಿ’ ಎಂದರಂತೆ. ಲೆಕ್ಕದ ದೋಷ ತೋರಿದ್ದು ಈ ಮಾತಿನಲ್ಲಿ.

ಮೊದಲು ಒಂದು ಸಂದೇಹವನ್ನು ನಿವಾರಿಸಬೇಕು. ಧರ್ಮಕಾರ್ಯಕ್ಕೆ ದಿನಗಣನೆ ಸಲ್ಲದೆಂದು ಕೆಲವರು ಹೇಳುವುದುಂಟು. ಇದು ಆಗಮಸಮ್ಮತವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕ ವ್ರತವನ್ನು ನಿರೂಪಿಸುವಾಗ ಮನೆ, ಗ್ರಾಮ, ಹೊಲ, ನದಿ, ಕಾಡು, ಯೋಜನಗಳಿಂದ ಕ್ಷೇತ್ರದ ಮೇರೆಯನ್ನೂ, ಸಂವತ್ಸರ, ಋತು, ಅಯನ, ಮಾಸ, ಪಕ್ಷ, ನಕ್ಷತ್ರಗಳಿಂದ ಕಾಲದ ಮೇರೆಯನ್ನೂ ಹಾಕಿಕೊಳ್ಳಲು ಹೇಳಿದ್ದಾರೆ. ಕಾಲದ ಮಿತಿಯಿರುವ ತ್ಯಾಗವನ್ನು ನಿಯಮವೆಂದೂ, ಜೀವಿತಾವಧಿಯ ತ್ಯಾಗವನ್ನು ಯಮವೆಂದೂ ಅವರು ವಿಂಗಡಿಸಿರುವರು. ಪಾದಯಾತ್ರೆಯ ಸಂಕಲ್ಪವು ನಿಯಮದ ಜಾತಿಗೆ ಸೇರಿದ್ದು. ಅದಕ್ಕೆ ಅವಧಿ ಇರುವುದು ಸಹಜ. ಆ ತಾಯಿಯವರ ಉಪವಾಸ ಹಾಗೂ ರಾತ್ರಿಭೋಜನತ್ಯಾಗಗಳು ಯಮದ ಜಾತಿಯವು. ಹದಿನೈದು ದಿನಗಳ ನಿಯಮವನ್ನು ಸಲ್ಲಿಸಲು ಜೀವಮಾನದ ಯಮವನ್ನು ಸಡಿಲಿಸುವುದೆಂದರೆ ಮೂಲಧನವನ್ನು ಕಳೆದು ಬಡ್ಡಿಯನ್ನು ಗಳಿಸಹೊರಟಂತೆ.

ಇನ್ನು ನಡಿಗೆಯ ವಿಚಾರ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯನ್ನು ಹೇಳುವಾಗ ಪ್ರಾಣಘಾತಕ್ಕೆ ಪ್ರಮತ್ತಯೋಗವನ್ನು ಕಾರಣವಾಗಿ ಸೇರಿಸಿದ್ದಾರೆ. ಕುಂದಕುಂದಾಚಾರ್ಯರ ಪ್ರವಚನಸಾರದಲ್ಲಿಯೂ, ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯದಲ್ಲಿಯೂ ಇದರ ವಿಸ್ತಾರವಿದೆ. ಎಚ್ಚರದಿಂದ ಹೆಜ್ಜೆಯಿಡುವ ಸಾಧುವಿನ ಪಾದದ ಕೆಳಗೆ ಅಕಸ್ಮಾತ್ತಾಗಿ ಸೂಕ್ಷ್ಮ ಜೀವಿ ಸಿಕ್ಕರೂ ಆತನಿಗೆ ಹಿಂಸಾದೋಷವಿಲ್ಲ. ಎಚ್ಚರಗೆಟ್ಟು ನಡೆಯುವವನಿಗೆ ಯಾವ ಜೀವಿ ಸಾಯದಿದ್ದರೂ ಹಿಂಸೆ ತಪ್ಪದು. ಹಗಲಿನ ಬೆಳಕಿನಲ್ಲಿ, ಜನ ತುಳಿದ ದಾರಿಯಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುವುದೇ ಈರ್ಯಾಸಮಿತಿ. ಇದು ಮುನಿಗಳಿಗೆ ಕಡ್ಡಾಯ, ಗೃಹಸ್ಥನಿಗೆ ಅಭ್ಯಾಸ. ಯಾತ್ರೆಯ ದಿನಗಳಲ್ಲಿಯೂ ಅಭ್ಯಾಸ ಮಾಡದಿದ್ದರೆ ಗೃಹಸ್ಥನು ಇನ್ನೆಂದು ಮಾಡಿಯಾನು? ನಮ್ಮ ನವಲಗುಂದದ ಎರೆಭೂಮಿಯಲ್ಲಿ ನಡೆದವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಮಣ್ಣು ಕಾಲಿಗೆ ಮೆತ್ತಿ ಬಿಡದು; ಬೇಸಗೆಯಲ್ಲಿ ನೆಲ ಬಿರಿದು ಆ ಬಿರುಕುಗಳಲ್ಲಿ ಎಷ್ಟೋ ಜೀವಿಗಳು ವಾಸಿಸುತ್ತವೆ. ಅವಸರದವನ ಕಣ್ಣು ಮೈಲುಗಲ್ಲಿನ ಮೇಲಿರುತ್ತದೆ, ನೆಲದ ಮೇಲಿರುವುದಿಲ್ಲ. ಅವಸರವು ಪ್ರಮಾದದ ಒಂದು ರೂಪ. ಅದಕ್ಕೆ ಭಕ್ತಿಯ ವೇಷ ತೊಡಿಸಿದರೂ ಸ್ವಭಾವ ಬದಲಾಗದು.

ಈಗ ಒಂದು ದಿನದ ಲೆಕ್ಕವನ್ನು ವ್ರತಿಯ ದೃಷ್ಟಿಯಿಂದ ಮಾಡಿ ನೋಡೋಣ. ಮಾಘದಲ್ಲಿ ನಮ್ಮ ಸೀಮೆಯ ಹಗಲು ಸುಮಾರು ಹನ್ನೊಂದೂವರೆ ತಾಸು. ಸೂರ್ಯೋದಯದ ನಂತರದ ಎರಡು ಘಳಿಗೆ, ಸೂರ್ಯಾಸ್ತದ ಮುಂಚಿನ ಎರಡು ಘಳಿಗೆ, ಅಂದರೆ 48 ನಿಮಿಷಗಳಂತೆ ಎರಡು ಸಲ, ಆಹಾರಕ್ಕೆ ವರ್ಜ್ಯ. ಅವನ್ನು ಸಾಮಾಯಿಕಕ್ಕೂ ಜಿನದರ್ಶನಕ್ಕೂ ಬಿಟ್ಟುಕೊಡೋಣ. ಉಳಿಯುವುದು ಹತ್ತು ತಾಸು. ಮಧ್ಯಾಹ್ನದ ಸಾಮಾಯಿಕ, ನೀರು ಸೋಸುವುದು, ಅಡಿಗೆ, ಊಟ, ಬಿಸಿಲಿನ ವಿಶ್ರಾಂತಿ ಇವುಗಳಿಗೆ ಮೂರು ತಾಸು; ಸಂಜೆ ಬೀಡಿನ ಸ್ಥಳ ಸೇರಿ ಹೊತ್ತಿರುವಾಗಲೇ ಊಟ ಮುಗಿಸಲು ಒಂದು ತಾಸು. ನಡೆಯಲು ಸಿಕ್ಕುವುದು ಆರು ತಾಸು. ನೆಲ ನೋಡಿ ನಡೆಯುವವರು, ಅದರಲ್ಲೂ ವಯಸ್ಸಾದವರು ಜೊತೆಗಿರುವಾಗ, ತಾಸಿಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ಹೋಗಲಾರರು. ದಿನಕ್ಕೆ 18 ಕಿಲೋಮೀಟರಾಯಿತು.

ಆ ಗೃಹಸ್ಥರ ಹಾಳೆಯಲ್ಲಿ 15 ದಿನಗಳೊಳಗೆ ಬರುವ ಎರಡು ಪರ್ವತಿಥಿಗಳನ್ನು ಬಿಟ್ಟರೆ ಉಳಿಯುವ 13 ದಿನಗಳಿಗೆ ದಿನಕ್ಕೆ ಸುಮಾರು 31 ಕಿಲೋಮೀಟರು ಬೀಳುತ್ತದೆ. ಅದಕ್ಕೆ ಹತ್ತು ತಾಸಿಗೂ ಮಿಕ್ಕಿ ಬೇಕು. ಆರು ತಾಸಿನ ಮೇಲಿನ ಆ ನಾಲ್ಕು ತಾಸು ಎಲ್ಲಿಂದ ಬರಬೇಕು? ಸಾಮಾಯಿಕದಿಂದ, ಸೋಸುವ ನೀರಿನಿಂದ, ತಾಯಿಯ ವಿಶ್ರಾಂತಿಯಿಂದ, ಕಡೆಗೆ ರಾತ್ರಿಯಿಂದ. ಲಾರಿಗಳು ಧಾವಿಸುವ ಹೆದ್ದಾರಿಯಲ್ಲಿ ಕತ್ತಲೆಯಲ್ಲಿ ಮಕ್ಕಳು-ಮರಿಗಳೊಂದಿಗೆ ನಡೆಯುವುದು ಈರ್ಯಾಸಮಿತಿಗೆ ವಿರುದ್ಧವಷ್ಟೇ ಅಲ್ಲ, ಪ್ರಾಣಕ್ಕೂ ಅಪಾಯ.

ಅಂತೆಯೇ ನಾನು ನಿವೇದಿಸುವುದಿಷ್ಟು: ದಿನ ಸಾಲದಿದ್ದರೆ ದಾರಿಯನ್ನು ಕುಗ್ಗಿಸಿರಿ, ವ್ರತವನ್ನು ಕುಗ್ಗಿಸಬೇಡಿರಿ. 15 ದಿನಗಳಲ್ಲಿ ಎರಡು ಪರ್ವದಿನ, ಒಂದು ಆಪತ್ತಿನ ದಿನ ಬಿಟ್ಟರೆ 12 ದಿನಗಳ ನಡಿಗೆ, 216 ಕಿಲೋಮೀಟರು. ದಾವಣಗೆರೆಯಿಂದ ಶ್ರವಣಬೆಳಗೊಳಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ದಾವಣಗೆರೆಯವರೆಗೆ ವಾಹನದಲ್ಲಿ ಹೋಗಿ ಅಲ್ಲಿಂದ ನಡೆಯುವ ನಿಯಮ ತೆಗೆದುಕೊಂಡರೆ ತಾಯಿ-ಮಕ್ಕಳು ಕೂಡಿಯೇ ಹೋಗಬಹುದು. ಇಲ್ಲವೇ ಒಂದು ವರ್ಷ ಮನೆಯಿಂದ ದಾವಣಗೆರೆಯವರೆಗೆ, ಮತ್ತೊಂದು ವರ್ಷ ಅಲ್ಲಿಂದ ಮುಂದಕ್ಕೆ ಎಂದು ಎರಡು ನಿಯಮಗಳನ್ನಾಗಿ ಮಾಡಬಹುದು. ಇಡೀ ದಾರಿಯನ್ನು ಒಂದೇ ಸಲಕ್ಕೆ ನಡೆಯಬೇಕೆಂಬವರು 22 ದಿನ ನಡಿಗೆಗೆ, 3 ದಿನ ಪರ್ವಕ್ಕೆ, 2 ದಿನ ಆಪತ್ತಿಗೆ ಎಂದು 27 ದಿನಗಳನ್ನು ಕೈಯಲ್ಲಿಟ್ಟುಕೊಂಡು ಹೊರಡಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ‘ಕಷ್ಟವಿಲ್ಲದ ತಪ ತಪವೇ?’ ಎಂಬುದು ಮೊದಲನೆಯದು. ತೀರ್ಥಂಕರನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ ಹಾಗೂ ತಪಗಳಿಗೆ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ನದೀಸ್ನಾನ, ಕಲ್ಲುಮರಳಿನ ರಾಶಿ, ಗಿರಿಪತನಗಳಿಂದ ಪುಣ್ಯ ಬರುವುದೆಂದು ತಿಳಿಯುವುದನ್ನು ಸಮಂತಭದ್ರರು ಲೋಕಮೂಢತೆಯೆಂದರು. ಸಂಯಮವನ್ನು ಕಳೆದುಕೊಂಡು ಬರಿಯ ಕಾಲಿನ ಬೊಬ್ಬೆಗಳನ್ನು ಎಣಿಸಿ ಪುಣ್ಯವನ್ನು ಅಳೆಯುವುದು ಅದಕ್ಕೆ ದೂರದ ಸಂಬಂಧಿಯಲ್ಲ.

‘ಮನೆಯ ಹೊಸ್ತಿಲಿನಿಂದಲೇ ನಡೆಯುತ್ತೇನೆಂದು ಹರಕೆ ಹೊತ್ತಾಗಿದೆಯಲ್ಲ?’ ಎಂಬುದು ಎರಡನೆಯದು. ಇದಕ್ಕೆ ಶ್ರವಣಬೆಳಗೊಳದ ಐತಿಹ್ಯವೇ ಉತ್ತರ ಕೊಡುತ್ತದೆ. ಪೌದನಪುರದ ಬಾಹುಬಲಿಬಿಂಬವನ್ನು ಕಾಣುವ ತನಕ ಹಾಲನ್ನು ಮುಟ್ಟೆನೆಂದು ಕಾಳಲಾದೇವಿಯು ನಿಯಮ ಹಿಡಿದಳು. ಮಗನಾದ ಚಾವುಂಡರಾಯನು ತಾಯಿಯೊಡನೆ ಯಾತ್ರೆ ಹೊರಟನು. ಪೌದನಪುರವು ಮನುಷ್ಯರಿಗೆ ಅಗಮ್ಯವೆಂದು ಸ್ವಪ್ನದಲ್ಲಿ ತಿಳಿದಾಗ, ಚಿಕ್ಕಬೆಟ್ಟದಿಂದ ಬಾಣ ಬಿಟ್ಟು ದೊಡ್ಡಬೆಟ್ಟದಲ್ಲಿಯೇ ಸ್ವಾಮಿಯನ್ನು ಕಂಡರೆಂದು ಕಥೆ. ಆ ಯಾತ್ರೆ ಉದ್ದಿಷ್ಟ ಊರನ್ನು ತಲುಪಲಿಲ್ಲ. ದಾರಿ ನಿಂತಲ್ಲಿಯೇ ದರ್ಶನವಾಯಿತು, ತಾಯಿಯ ನಿಯಮವೂ ಉಳಿಯಿತು. ತಾಯಿಯ ವ್ರತಕ್ಕಾಗಿ ಹೊರಟ ಯಾತ್ರೆಯಿಂದ ಹುಟ್ಟಿದ ಕ್ಷೇತ್ರಕ್ಕೆ, ತಾಯಿಯನ್ನು ಆಕೆಯ ವ್ರತದ ಕಾರಣದಿಂದಲೇ ಮನೆಯಲ್ಲಿ ಬಿಟ್ಟು ಹೋಗುವುದು ಎಷ್ಟು ಉಚಿತವೆಂದು ಯೋಚಿಸಬೇಕು. ಹರಕೆಯನ್ನು ಹೊತ್ತಾಗಿದ್ದರೆ, ಗುರುಗಳ ಸಮ್ಮುಖದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿ ಆಲೋಚನೆ ಮಾಡಿ ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ಸ್ವೀಕರಿಸುವುದು ಮಾರ್ಗ. ಗುಟ್ಟಾಗಿ ರಾತ್ರಿ ಉಂಡು ಹಗಲು ಜಯಕಾರ ಹಾಕುವುದು ಮಾರ್ಗವಲ್ಲ.

ಹಿಂಬಾಲಿಸುವ ವಾಹನದ ಬಗೆಗೂ ಒಂದು ಮಾತು. ಸಾಮಾನು, ಪಾತ್ರೆ, ಹಾಸಿಗೆಗಳಿಗಾಗಿ ಗಾಡಿಯಿರುವುದು ತಪ್ಪಲ್ಲ. ಆದರೆ ಪಾಪಾಸ್ರವವು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಿಂದ ಆಗುತ್ತದೆ. ತಾವು ಬರಿಗಾಲಲ್ಲಿ ಮೆಲ್ಲನೆ ನಡೆಯುತ್ತ, ಮುಂದಿನ ಬೀಡಿಗೆ ಬೇಗ ಹೋಗೆಂದು ಚಾಲಕನನ್ನು ನಸುಕಿನಲ್ಲಿ ಓಡಿಸಿದರೆ, ಬೆಳಕಿಲ್ಲದ ಹೊತ್ತಿನಲ್ಲಿ ಒಲೆ ಹೊತ್ತಿಸೆಂದು ಅಡಿಗೆಯವರಿಗೆ ಹೇಳಿದರೆ, ತಮ್ಮ ಪಾದ ಉಳಿಸಿದ್ದನ್ನು ತಮ್ಮ ಮಾತು ಕೆಡಿಸಿತು. ಯಾತ್ರೆಯ ವೇಗವೆಂದರೆ ಸಂಘದ ಎಲ್ಲರ ವೇಗ. ಅತ್ಯಂತ ದುರ್ಬಲನಾದವನ ಹೆಜ್ಜೆಯೇ ಅದರ ಅಳತೆಗೋಲು.

ಮುನಿಗಳ ವಿಹಾರದಲ್ಲಿ ಇದರ ಪೂರ್ಣರೂಪವನ್ನು ಕಾಣುತ್ತೇವೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು 1927-28ರಲ್ಲಿ ಸಂಘಸಮೇತರಾಗಿ ದಕ್ಷಿಣದಿಂದ ಸಮ್ಮೇದಶಿಖರಜಿಯವರೆಗೆ ಕಾಲ್ನಡಿಗೆಯಿಂದಲೇ ಹೋದರು. ಚಾತುರ್ಮಾಸ ಬಂದಾಗ ನಿಲ್ಲುವುದು, ಹೊತ್ತು ಮುಳುಗುವಾಗ ನಿಲ್ಲುವುದು ಮುನಿಧರ್ಮ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ‘ಅತಿಥಿ’ ಶಬ್ದಕ್ಕೆ ಎರಡು ಅರ್ಥಗಳನ್ನು ಹೇಳಿದ್ದಾರೆ: ಸಂಯಮವನ್ನು ಕೆಡಿಸಿಕೊಳ್ಳದೆ ನಡೆಯುವವನು ಎಂಬುದೊಂದು, ಬರುವಿಕೆಗೆ ಗೊತ್ತಾದ ತಿಥಿಯಿಲ್ಲದವನು ಎಂಬುದು ಇನ್ನೊಂದು. ಹೊಲ, ನೌಕರಿ, ಮಕ್ಕಳ ಪರೀಕ್ಷೆಗಳಿರುವ ಗೃಹಸ್ಥನಿಗೆ ಎರಡನೆಯ ಅರ್ಥ ದಕ್ಕದು. ಮೊದಲನೆಯದು ಅವನಿಗೂ ತೆರೆದಿದೆ. ತಿಥಿಯಿದ್ದೂ ಸಂಯಮ ಕೆಡದಂತೆ ನಡೆಯುವುದೇ ಅವನ ಪಾದಯಾತ್ರೆಯ ಸಾಧನೆ.

ಕಡೆಗೆ ಮಹಾಮಸ್ತಕಾಭಿಷೇಕದ ಮಾತು. ಮುಂದಿನ ಅಭಿಷೇಕಕ್ಕೆ ನಡೆದೇ ಹೋಗಬೇಕೆಂದು ಈಗಲೇ ಸಂಕಲ್ಪಿಸಿರುವ ಮನೆಗಳಿರಬಹುದು. ಹನ್ನೆರಡು ವರ್ಷಗಳಿಗೊಮ್ಮೆ ಎಂಬುದು ರೂಢಿಯಾದರೂ, ಅದು ನಡೆದದ್ದು 1967, 1981, 1993, 2006, 2018ರಲ್ಲಿ. ಅಂದರೆ 14, 12, 13, 12 ವರ್ಷಗಳ ಅಂತರದಲ್ಲಿ. ಅಷ್ಟು ದೊಡ್ಡ ಮಹೋತ್ಸವವೇ ಲೆಕ್ಕಕ್ಕೆ ಕಟ್ಟುಬೀಳದೆ ಒಂದೆರಡು ವರ್ಷ ಹಿಂದೆ ಸರಿದಿರುವಾಗ, ನಾವು ಒಂದೆರಡು ದಿನ ತಡವಾಗಿ ತಲುಪುವುದರಿಂದ ಕೆಡುವುದೇನು? ಸ್ವಾಮಿಯು ಅಭಿಷೇಕದ ಮರುದಿನವೂ ದೊಡ್ಡಬೆಟ್ಟದ ಮೇಲೆ ನಿಂತೇ ಇರುತ್ತಾನೆ.

ಹೊರಡುವ ಮುನ್ನ ಬಸದಿಯಲ್ಲಿ ನಿಯಮ ತೆಗೆದುಕೊಳ್ಳುವಾಗ ಇಂತಲ್ಲಿಂದ ಇಂತಲ್ಲಿಯವರೆಗೆ, ಇಷ್ಟು ದಿನ, ಹಗಲಿನಲ್ಲಿ ಮಾತ್ರ, ಪರ್ವದಿನ ಬಿಟ್ಟು, ಶಕ್ತಿಯಿರುವವರೆಗೆ ಎಂದು ಸ್ಪಷ್ಟವಾಗಿ ನುಡಿಯಿರಿ. ಪಂಚಾಂಗವನ್ನು ಮೊದಲು ನೋಡಿ ಪರ್ವಗಳನ್ನು ಗುರುತಿಸಿಕೊಂಡು, ಆಮೇಲೆ ಕಿಲೋಮೀಟರುಗಳನ್ನು ಹಂಚಿರಿ. ಮನೆಯ ಹಿರಿಯರನ್ನು ಕೇಳಿ ಅವರ ಹೆಜ್ಜೆಗೆ ಒಪ್ಪುವ ದಾರಿಯನ್ನು ಆರಿಸಿರಿ. ಹೀಗೆ ಹೊರಟವರ ಯಾತ್ರೆ ಚನ್ನರಾಯಪಟ್ಟಣದಿಂದ ಮುಂದಿನ 12 ಕಿಲೋಮೀಟರುಗಳದ್ದೇ ಆಗಿರಲಿ, ಅದು ಸಫಲವಾಗಲೆಂದು ಹಾರೈಸುತ್ತೇನೆ.